ಮಗಳಿಗೊಂದು ಪತ್ರ: ಹರಳೆಣ್ಣೆ ಮಾತ್ರ ಬೇಡ

ಪುಟ್ಟಿ,

"ಅಮ್ಮ, ಹೆರಿಗೆ ಡೇಟ್ ಮುಗಿದು ಮೂರು ದಿನ ಆಯ್ತು, ನೋವು ಬರಲಿ ಅಂತ ಹರಳೆಣ್ಣೆ ಕುಡೀಲಾ?" ಅಂತ ನಿನ್ನೆ ಫೋನಿನಲ್ಲಿ ಕೇಳಿದೆಯಲ್ಲ, ಆಗಿನಿಂದ ನನಗೆ ನಿದ್ದೆಯಿಲ್ಲ. ಅಪ್ಪ ಪಕ್ಕದಲ್ಲೇ ಇದ್ದರು, ಎಲ್ಲ ಬಿಡಿಸಿ ಹೇಳಲಾಗಲಿಲ್ಲ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ.

ನೀನು ಹೊಟ್ಟೆಯಲ್ಲಿದ್ದಾಗ ನನಗೂ ದಿನ ಮೀರಿತ್ತು. ಯಾರೋ ಹಿರಿಯರು ಹೇಳಿದರೆಂದು ಬಿಸಿ ಕಾಫಿಗೆ ಹರಳೆಣ್ಣೆ ಹಾಕಿ ಕುಡಿದೆ. ಲೋಟದ ಮೇಲೆಲ್ಲ ಎಣ್ಣೆ ತೇಲುತ್ತಿತ್ತು. ತುಟಿಗೆ ಅಂಟಿದ ಜಿಡ್ಡು ಸೆರಗಿನಲ್ಲಿ ಎಷ್ಟು ಒರೆಸಿದರೂ ಹೋಗಲಿಲ್ಲ. ರಾತ್ರಿಯೆಲ್ಲ ವಾಂತಿ, ಭೇದಿ. ಹೊಟ್ಟೆ ಹಿಂಡಿತು, ಆದರೆ ಅದು ಹೆರಿಗೆ ನೋವಲ್ಲ. ಬೆಳಗ್ಗೆ ಆಸ್ಪತ್ರೆಗೆ ಹೋಗುವಷ್ಟರಲ್ಲಿ ನಾಲಿಗೆ ಒಣಗಿ ಮಾತು ಹೊರಡುತ್ತಿರಲಿಲ್ಲ, ಮೊದಲು ಡ್ರಿಪ್ ಹಾಕಿದರು. ನೀನು ಹುಟ್ಟಿದ್ದು ಅದಾಗಿ ಎರಡು ದಿನಕ್ಕೆ. ಹೆರುವಾಗ ಬೇಕಿದ್ದ ಶಕ್ತಿಯನ್ನೆಲ್ಲ ಬಚ್ಚಲಲ್ಲೇ ಕಳೆದುಕೊಂಡಿದ್ದೆ.

ಆ ಡೇಟ್ ಅನ್ನುವುದು ಕೊನೆಯ ಮುಟ್ಟಿನಿಂದ 280 ದಿನ ಎಣಿಸಿ ಹಾಕಿದ ಅಂದಾಜು, ಅಷ್ಟೇ. ಸರಿಯಾಗಿ ಅದೇ ದಿನ ಹುಟ್ಟುವ ಕೂಸುಗಳು ನೂರಕ್ಕೆ ಐದರಷ್ಟು.

ಖರ್ಜೂರ ತಿನ್ನು, ನಿನಗೆ ಶುಗರ್ ಇಲ್ಲವಲ್ಲ. ಜೋರ್ಡಾನ್‌ನಲ್ಲಿ ಕೊನೆಯ ನಾಲ್ಕು ವಾರ ದಿನಕ್ಕೆ ಆರು ಖರ್ಜೂರ ತಿಂದ ಬಸುರಿಯರನ್ನು ನೋಡಿದ್ದಾರೆ. ತಾನಾಗಿ ನೋವು ಬಂದದ್ದು ತಿನ್ನದವರಿಗಿಂತ ಅವರಲ್ಲಿ ಹೆಚ್ಚು. ಈಗ ಶುರು ಮಾಡಿದರೆ ನಾಳೆಯೇ ನೋವು ಬರುತ್ತದೆ ಅಂತಲ್ಲ. ಸಂಜೆ ತಂಪಾದ ಮೇಲೆ ನಿಧಾನ ನಡೆ, ಸುಸ್ತಾದರೆ ಕೂತುಬಿಡು. ಅನಾನಸ್, ಖಾರದ ಊಟ ಎಲ್ಲ ಬರೀ ಮಾತು, ಎದೆಯುರಿ ತಂದುಕೊಳ್ಳಬೇಡ.

ಮೊಲೆತೊಟ್ಟು ಸವರಿದರೆ ಆಕ್ಸಿಟೋಸಿನ್ ಅನ್ನುವ ಹಾರ್ಮೋನು ಸುರಿದು ಗರ್ಭಕೋಶ ಹಿಂಡುವುದು ನಿಜ. ಅತಿಯಾಗಿ ಹಿಂಡಿದರೆ ಕೂಸಿನ ಎದೆಬಡಿತ ಇಳಿಯಬಹುದು, ಡಾಕ್ಟರನ್ನು ಕೇಳದೆ ಮಾಡಬೇಡ. ಬೆರಳಿನಿಂದ ನೀರಿನ ಚೀಲದ ಪೊರೆಯನ್ನು ಗರ್ಭಕೋಶದ ಬಾಯಿಯಿಂದ ಬಿಡಿಸುವ ಕ್ರಮವೂ ಇದೆ, ಅದು ಅವರದೇ ಕೆಲಸ. ನೋವಾಗುತ್ತದೆ, ಸ್ವಲ್ಪ ರಕ್ತ ಕಾಣಬಹುದು. 41 ವಾರ ತುಂಬಿದರೆ ನೋವು ಬರಿಸುವ ಔಷಧಿ ಕೊಡೋಣ ಅನ್ನುತ್ತಾರೆ. ಬೇಡವೆಂದು ಹಟ ಹಿಡಿಯಬೇಡ ಕಂದ, ದಿನ ಮೀರಿದಷ್ಟೂ ಕೂಸಿಗೆ ಅಪಾಯ ಹೆಚ್ಚು.

ಊಟವಾದ ಮೇಲೆ ಎಡಮಗ್ಗುಲಿಗೆ ಮಲಗಿ ಕೂಸು ಒದೆಯುವುದನ್ನು ಗಮನಿಸು. ಒದೆತ ಕಮ್ಮಿ ಅನ್ನಿಸಿದರೆ, ನೀರು ಒಡೆದರೆ, ರಕ್ತ ಹೋದರೆ ನನಗೆ ಆಮೇಲೆ ಫೋನ್ ಮಾಡು, ಮೊದಲು ಆಸ್ಪತ್ರೆಗೆ ಹೊರಡು. ರಾತ್ರಿ ಎರಡು ಗಂಟೆಯಾದರೂ ಸರಿ.

ನಾಳೆ ಬೆಳಗಿನ ಬಸ್ಸಿಗೆ ಬರುತ್ತಿದ್ದೇನೆ. ನನ್ನ ಹಳೇ ಕಾಟನ್ ಸೀರೆ ಹರಿದು, ಕುದಿಸಿ, ಬಿಸಿಲಿಗೆ ಒಣಗಿಸಿದ್ದೇನೆ. ಹನ್ನೆರಡು ತುಂಡಾಗಿದೆ.

ನಿನ್ನ ಅಮ್ಮ