ಅಮ್ಮನ ಬಿಪಿ ಶುರುವಾದ ವರ್ಷ ಯಾವುದು: ವಿಮಾ ಕಂಪನಿಗೊಂದು ಪತ್ರ

ಪೆರ್ಲ, ಕಾಸರಗೋಡು ಜಿಲ್ಲೆ

ದೂರು ವಿಭಾಗದ ಮುಖ್ಯಸ್ಥರಿಗೆ,

ಆರು ಸಲ ಫೋನ್ ಮಾಡಿದೆ. ಆರು ಸಲವೂ ನನ್ನ ಕರೆ ನಿಮಗೆ ಅಮೂಲ್ಯ ಎಂದು ಕೇಳಿಸಿಕೊಂಡೆ. ಅಷ್ಟು ಬೆಲೆಯದ್ದನ್ನು ಸುಮ್ನೆ ಪೋಲು ಮಾಡುವುದು ಬೇಡವೆಂದು ಈಗ ಬರೆಯುತ್ತಿದ್ದೇನೆ.

ನನ್ನ ಅಮ್ಮನಿಗೆ 69 ವರ್ಷ. 2018ರ ಜುಲೈಯಿಂದ ಆರೋಗ್ಯ ವಿಮೆಯ ಪಾಲಿಸಿ ನಿಮ್ಮಲ್ಲಿದೆ, ಒಂದು ಕಂತೂ ತಪ್ಪಿಲ್ಲ. ಮೊದಲ ವರ್ಷ 16 ಸಾವಿರ ಚಿಲ್ಲರೆ, ಈ ಸಲ 41 ಸಾವಿರ. ಹಿರಿಯರ ಕಂತನ್ನು ವರ್ಷಕ್ಕೆ ಶೇ. 10ಕ್ಕಿಂತ ಜಾಸ್ತಿ ಏರಿಸಬೇಕಾದರೆ ಮೊದಲು ತನ್ನನ್ನು ಕೇಳಬೇಕು ಎಂದು ವಿಮಾ ಕಂಪನಿಗಳ ಮೇಲಿನ ನಿಯಂತ್ರಕ ಐಆರ್‌ಡಿಎಐ 2025ರ ಜನವರಿಯಲ್ಲಿ ಹೇಳಿತು. ನೀವು ಏರಿಸಿದ್ದು 9.9. ಲೆಕ್ಕದಲ್ಲಿ ನೀವು ಜಾಣರು, ಒಪ್ಪಿದೆ. 2025ರ ಸೆಪ್ಟೆಂಬರ್ 22ರಿಂದ ಕಂತಿಗೆ ಜಿಎಸ್‌ಟಿ ಇಲ್ಲ ಎಂದು ಹೂವಿನ ಚಿತ್ರ ಹಾಕಿ ಮೆಸೇಜು ಕಳಿಸಿದಿರಿ. ನಾನು ಜುಲೈಯಲ್ಲೇ ಶೇ. 18 ಸೇರಿಸಿ ಕಟ್ಟಿಯಾಗಿತ್ತು. ಇರಲಿ, ಅದು ನಿಮ್ಮ ತಪ್ಪಲ್ಲ.

ನವೆಂಬರಿನಲ್ಲಿ ಅಮ್ಮನಿಗೆ ಪಿತ್ತಕೋಶದ ಕಲ್ಲಿನ ಆಪರೇಶನ್ ಆಯಿತು, ಮಂಗಳೂರಿನಲ್ಲಿ. ಡಿಸ್ಚಾರ್ಜಿನ ದಿನ ಬೆಳಿಗ್ಗೆ 11ಕ್ಕೆ ಬಿಲ್ಲು ನಿಮಗೆ ಹೋಯಿತು. ಸಂಜೆ 4ಕ್ಕೆ ನಿಮ್ಮವರೊಬ್ಬರ ಫೋನ್. ಕೌಂಟರಿನ ಗದ್ದಲದಲ್ಲಿ ಕೇಳಿಸದೆ ಸ್ಪೀಕರ್ ಹಾಕಿದೆ. ಅದೇ ತಪ್ಪಾಯಿತು.

"ಕೇರಳದ ವಿಳಾಸ, ಕರ್ನಾಟಕದ ಆಸ್ಪತ್ರೆ. ಯಾಕೆ?"

"ಹತ್ತಿರ, ಅದಕ್ಕೆ."

"ನಿಮ್ಮ ರಾಜ್ಯದಲ್ಲಿ ಆಸ್ಪತ್ರೆ ಇಲ್ವಾ?"

ಏನು ಹೇಳಲಿ? ನಮ್ಮ ಪಕ್ಕದ ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಕಲ್ಲು ಹಾಕಿ ವರ್ಷಗಟ್ಟಲೆ ಕಾಯಿಸಿದ ಕಥೆ ಹೇಳಲೇ? 2020ರ ಮಾರ್ಚಿನಲ್ಲಿ ಕೊರೊನಾ ಎಂದು ಕರ್ನಾಟಕ ತಲಪಾಡಿ ಗಡಿ ಮುಚ್ಚಿದಾಗ ನಮ್ಮವರ ಆಂಬುಲೆನ್ಸುಗಳು ವಾಪಸು ಬಂದದ್ದನ್ನು ಹೇಳಲೇ? ಸುಮ್ಮನಾದೆ.

"ಬಿಪಿ ಎಂಟು ವರ್ಷದಿಂದ ಅಂತ ಕೇಸ್ ಶೀಟಿನಲ್ಲಿ ಉಂಟು. ಪಾಲಿಸಿಗೆ ಏಳೇ ವರ್ಷ. ಫಾರ್ಮಿನಲ್ಲಿ ಸುಳ್ಳು ಬರೆದದ್ದು ಯಾರು, ನೀವಾ, ನಿಮ್ಮ ಅಮ್ಮನಾ?"

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಒಬ್ಬರು ಚೀಲ ಎತ್ತಿಕೊಂಡು ಸ್ವಲ್ಪ ಆಚೆ ಸರಿದು ನಿಂತರು. ಗಾಲಿಕುರ್ಚಿಯಲ್ಲಿದ್ದ ಅಮ್ಮ "ಏನಂತೆ ಮಗಾ?" ಅಂದಳು. "ಏನಿಲ್ಲ, ಒಂದು ಸೈನ್ ಬಾಕಿ ಉಂಟಂತೆ" ಅಂದೆ. ಹೌದು, ಆ ದಿನ ನಮ್ಮ ಮನೆಯಲ್ಲಿ ಸುಳ್ಳು ಹೇಳಿದ್ದು ನಾನೇ.

ಆ ಎಂಟು ವರ್ಷ ಎಲ್ಲಿಂದ ಬಂತು ಗೊತ್ತಾ? ಡ್ಯೂಟಿ ಡಾಕ್ಟರು ಕೇಳಿದಾಗ ಅಮ್ಮ ಹೇಳಿದ್ದು, "ಕೊಳೆರೋಗ ಬಂದು ಅಡಿಕೆ ಎಲ್ಲ ಉದುರಿದ ವರ್ಷ". ಆ ಹುಡುಗಿ ಪಾಪ, ಯಾವ ಮಳೆಗಾಲದ ಕೊಳೆರೋಗ ಅಂತ ಕೇಳಲಿಲ್ಲ. ಅಂದಾಜಿಗೆ 8 ಅಂತ ಬರೆದಳು. ಮಾತ್ರೆಯ ಮೊದಲ ಚೀಟಿ 2019ರದ್ದು, ಪ್ರತಿ ಲಗತ್ತಿಸಿದ್ದೇನೆ.

ಆ ಚೀಟಿ ಇಲ್ಲದಿದ್ದರೂ ನಿಮ್ಮ ಮಾತು ನಿಲ್ಲುವುದಿಲ್ಲ. 60 ತಿಂಗಳು ಬಿಡದೆ ಕಂತು ಕಟ್ಟಿದ ಮೇಲೆ, ಮೋಸವೆಂದು ಸಾಬೀತು ಮಾಡದೆ, ಕಾಯಿಲೆ ಮುಚ್ಚಿಟ್ಟರೆಂದು ಕ್ಲೇಮು ತಳ್ಳುವಂತಿಲ್ಲ. ನಮ್ಮದು 88 ತಿಂಗಳು. ಡಿಸ್ಚಾರ್ಜಿನ ಬಿಲ್ಲಿಗೆ ಉತ್ತರ ಮೂರು ಗಂಟೆಯೊಳಗೆ ಕೊಡಬೇಕು. ನೀವು "ಇಲ್ಲ" ಅಂದದ್ದು ರಾತ್ರಿ 7.40ಕ್ಕೆ. ಆಸ್ಪತ್ರೆ ಇನ್ನೊಂದು ದಿನದ ರೂಮು ಬಾಡಿಗೆ 3,200 ಹಾಕಿತು. ಅದು ಕಂಪನಿಯ ಷೇರುದಾರರ ನಿಧಿಯಿಂದ ಹೋಗಬೇಕು ಎಂದು ಐಆರ್‌ಡಿಎಐಯ 2024ರ ಮೇ ಸುತ್ತೋಲೆಯಲ್ಲಿದೆ. ನಿಮ್ಮ ಕಪಾಟಿನಲ್ಲೂ ಇದ್ದೀತು, ಧೂಳು ಹೊಡೆದು ನೋಡಿ.

1,18,400 ರೂಪಾಯಿ ನಾನೇ ಕಟ್ಟಿದೆ, ರೇಟು ಬರಲಿ ಎಂದು ಅಟ್ಟದಲ್ಲಿಟ್ಟಿದ್ದ ಹಳೆ ಅಡಿಕೆ ಮಾರಿ. ಆಮೇಲೆ ಕಳಿಸಿದ ಕ್ಲೇಮಿಗೂ ನಿಮ್ಮದು ಅದೇ ಉತ್ತರ, ಎರಡೇ ಸಾಲು.

ಆ ಹಣ, 3,200, ಮತ್ತು ಅಮ್ಮ ಸುಳ್ಳು ಹೇಳಿಲ್ಲ ಎಂದು ಕನ್ನಡದಲ್ಲಿ ಒಂದು ಕಾಗದ. ಒಂದು ತಿಂಗಳು ಕಾಯುತ್ತೇನೆ. ಆಮೇಲೆ ವಿಮಾ ಕಂಪನಿಗಳ ಮೇಲಿನ ದೂರು ಕೇಳುವ ಕೊಚ್ಚಿಯ ವಿಮಾ ಒಂಬುಡ್ಸ್‌ಮನ್ ಕಚೇರಿ. ಅಲ್ಲಿ ಫೀಸೂ ಇಲ್ಲ, ವಕೀಲರೂ ಬೇಡ. ಇನ್ನೊಂದು ವಿಷಯ. ನಿಮ್ಮ ಏಜೆಂಟು ನಮ್ಮ ಊರಲ್ಲಿ ಹನ್ನೊಂದು ಮನೆಗೆ ಇದೇ ಪಾಲಿಸಿ ಮಾಡಿಸಿದ್ದಾರೆ. ಸಹಕಾರಿ ಸಂಘದ ಮಹಾಸಭೆಗೆ ಆ ಹನ್ನೊಂದು ಮನೆಯವರೂ ಬರುತ್ತಾರೆ. ಈ ಪತ್ರವನ್ನು ಅಲ್ಲಿ ಮೈಕಿನಲ್ಲಿ ಓದುತ್ತೇನೆ. ಬೇರೆ ಕಂಪನಿಗೆ ಪೋರ್ಟ್ ಮಾಡುವ ಫಾರ್ಮು ಹನ್ನೊಂದು ಪ್ರತಿ ತೆಗೆಸಿಟ್ಟಿದ್ದೇನೆ.

ಇತಿ,
ನಿಮ್ಮ ಅಮೂಲ್ಯ ಗ್ರಾಹಕ