ಮಗಳ ಸಾಕ್ಷ್ಯಚಿತ್ರದಲ್ಲಿ ನನ್ನ ಪಾತ್ರ

ಪ್ರಿಯ ಶಿವು,

ಮಗಳು ಈ ಸಲ ಇಲ್ಲಿ ಅಮೆರಿಕದಲ್ಲಿ ಶಾಲಾಮಕ್ಕಳಿಗಾಗಿ ನಡೆಯುವ ಇತಿಹಾಸದ ಸ್ಪರ್ಧೆ, ನ್ಯಾಷನಲ್ ಹಿಸ್ಟರಿ ಡೇಗೆ, ಸಾಕ್ಷ್ಯಚಿತ್ರ ಮಾಡುತ್ತಿದ್ದಾಳೆ. 1974ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಆರಂಭವಾದ ಈ ಸ್ಪರ್ಧೆಯಲ್ಲಿ ಚಿತ್ರ ಹತ್ತು ನಿಮಿಷ ಮೀರುವಂತಿಲ್ಲ. ನಿರೂಪಣೆ, ಸಂಕಲನವೆಲ್ಲ ಮಕ್ಕಳದೇ ಆಗಿರಬೇಕು, ಅಪ್ಪಂದಿರ ಪಾಂಡಿತ್ಯಕ್ಕೆ ಪ್ರವೇಶವಿಲ್ಲ. ಇದನ್ನು ಮಕ್ಕಳಾಟವೆಂದು ತಿಳಿಯಬೇಡ. 1964ರಲ್ಲಿ ಮಿಸಿಸಿಪ್ಪಿಯಲ್ಲಿ ನಡೆದ ಮೂವರು ನಾಗರಿಕ ಹಕ್ಕು ಕಾರ್ಯಕರ್ತರ ಕೊಲೆಯನ್ನು ಕುರಿತು ಇಲಿನಾಯ್‌ನ ಹೈಸ್ಕೂಲು ಹುಡುಗಿಯರು ಇದೇ ಸ್ಪರ್ಧೆಗೆ ಮಾಡಿದ ಚಿತ್ರ, ಪ್ರಕರಣವನ್ನು ಮತ್ತೆ ತೆರೆಯಬೇಕೆಂಬ ಒತ್ತಾಯಕ್ಕೆ ಬಲ ತಂದಿತು. 2005ರಲ್ಲಿ ಆ ಪ್ರಕರಣದ ಆರೋಪಿ, ಎಂಬತ್ತು ವರ್ಷದ ಎಡ್ಗರ್ ರೇ ಕಿಲ್ಲೆನ್ ಅಪರಾಧಿಯೆಂದು ತೀರ್ಪಾಯಿತು.

ನಾನು ಸೂಚಿಸಿದ್ದು ಕನ್ನಡ ಸಂಘದ ರಾಜ್ಯೋತ್ಸವವನ್ನು. ಅವಳು ಆರಿಸಿಕೊಂಡದ್ದು ಭಗತ್ ಸಿಂಗ್ ಥಿಂಡ್‌ನನ್ನು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದ ಈ ಸಿಖ್ಖನಿಗೆ, ಪೌರತ್ವ ಬೇಕಿದ್ದರೆ ತಾನು ಬಿಳಿಯನೆಂದು ಸಾಧಿಸಬೇಕಿತ್ತು. ತಾನು ಮೇಲ್ಜಾತಿಯ ಆರ್ಯ, ಕೆಳಗಿನವರೊಡನೆ ರಕ್ತ ಬೆರೆಸದವನು ಎಂದು ಅವನ ಪರವಾಗಿ ವಾದಿಸಲಾಯಿತೇ ಹೊರತು ಆ ಭೇದವೇ ತಪ್ಪೆಂದಲ್ಲ. 1923ರಲ್ಲಿ ಸುಪ್ರೀಂ ಕೋರ್ಟು, ಬಿಳಿಯನೆಂದರೆ ಯಾರೆಂಬುದನ್ನು ಪಂಡಿತರಲ್ಲ, ಸಾಮಾನ್ಯ ಜನರ ತಿಳಿವಳಿಕೆ ನಿರ್ಧರಿಸುತ್ತದೆಂದು ಅದನ್ನು ತಳ್ಳಿಹಾಕಿತು. ಬಳಿಕ ಹಲವು ಭಾರತೀಯರ ಪೌರತ್ವ ಕಿತ್ತುಕೊಳ್ಳಲಾಯಿತು. ಅವರಲ್ಲೊಬ್ಬರಾದ ಸ್ಯಾನ್ ಫ್ರಾನ್ಸಿಸ್ಕೋದ ವ್ಯಾಪಾರಿ ವೈಷ್ಣೋ ದಾಸ್ ಬಾಗೈ 1928ರಲ್ಲಿ ಆತ್ಮಹತ್ಯೆ ಮಾಡಿಕೊಂಡರು.

ಊಟದ ಮೇಜಿನ ಮೇಲೆ ಫೋನು ನಿಲ್ಲಿಸಿ, ಓದುವ ದೀಪವನ್ನು ನನ್ನ ಮುಖಕ್ಕೆ ತಿರುಗಿಸಿ, ಮಗಳು ಕೇಳಿದಳು: “ಅಪ್ಪಾ, ಆ ಜಾಗದಲ್ಲಿ ನೀನಿದ್ದಿದ್ದರೆ ಇದೇ ವಾದ ಮಾಡುತ್ತಿದ್ದೆಯಾ?”

ನಾನು ಕಾಲರ್ ಸರಿಪಡಿಸಿಕೊಂಡು, ಕಪ್ಪು ಜನರ ಹೋರಾಟದ ಬೆನ್ನಿಗೇ ಬಂದ 1965ರ ವಲಸೆ ಕಾಯಿದೆಯಿಂದಲೇ ನಮ್ಮಂಥವರಿಗೆ ಇಲ್ಲಿ ದಾರಿಯಾಯಿತೆಂದು ಬಹಳ ಉದಾರವಾಗಿ ಮಾತಾಡಿದೆ. “ನಾನು ಕೇಳಿದ್ದು ಅದಲ್ಲ,” ಎಂದಳು.

ಶಿವು, ಈ ದೇಶಕ್ಕೆ ಬಂದ ಹೊಸತರಲ್ಲಿ, ಬಾಡಿಗೆ ಹಂಚಿಕೊಳ್ಳಲು ಕೋಣೆ ಕೇಳಿಕೊಂಡು ಬಂದ ನಮ್ಮ ಕಡೆಯ ಹುಡುಗನೊಬ್ಬನಿಗೆ ಮೊದಲು ಕಾಫಿ ಕೊಟ್ಟು, ಊರು ಕೇಳಿ, ಮನೆದೇವರನ್ನು ವಿಚಾರಿಸಿ, ಆಮೇಲೆ ಕೋಣೆ ಖಾಲಿಯಿಲ್ಲವೆಂದವನು ನಾನು. ಅವನು ಲೋಟ ತೊಳೆದಿಟ್ಟು ಹೋದ. ಇದನ್ನು ನಿನಗೂ ಹೇಳಿರಲಿಲ್ಲ. ಈ ಬಹಿರಂಗ ಪತ್ರದಲ್ಲಿ ಇಷ್ಟು ಜನರೆದುರು ಹೇಳುವ ಉದ್ದೇಶವಂತೂ ಇರಲಿಲ್ಲ.

ಇರಲಿ. ಸಂಕಲನದಲ್ಲಿ ನನ್ನ ಭಾಷಣವೆಲ್ಲ ಕತ್ತರಿಗೆ ಸಿಕ್ಕಿ, ಕಾಲರ್ ಸರಿಪಡಿಸಿಕೊಂಡು ಕೆಮ್ಮುವಷ್ಟು ಭಾಗ ಮಾತ್ರ ಉಳಿದಿದೆಯಂತೆ. ಕಾಲೇಜು ನಾಟಕದಲ್ಲಿ ಮಾತಿಲ್ಲದ ದ್ವಾರಪಾಲಕನಾಗಿ ನಿಂತವನಿಗೆ ಇದು ಬಡ್ತಿಯೇ ಸರಿ. ಆ ಮೀಸೆಯ ವಿಚಾರವನ್ನು ಮಾತ್ರ ದಯವಿಟ್ಟು ಇಲ್ಲಿ ಎತ್ತಬೇಡ, ಮಗಳೂ ಓದುತ್ತಾಳೆ.

ನಿನ್ನ,
ದ್ವಾರಪಾಲಕ