ಅಕ್ಕಿ ಬಂದ ದಿನವೇ ಬರೆಯಿರಿ

ಮಾನ್ಯ ಸಂಪಾದಕರೆ,

ಯುಪಿಐಗೆ ಬಂದ ದುಡ್ಡೆಲ್ಲ ಲಾಭವಲ್ಲ ಎಂದು ಅಂಗಡಿಯವರೊಬ್ಬರು ಮೊನ್ನೆ ಇದೇ ಅಂಕಣದಲ್ಲಿ ಬರೆದಿದ್ದರು. ನೂರಕ್ಕೆ ನೂರು ನಿಜ. ಆದರೆ ಲಾಭವಲ್ಲ ಅಂತ ತೋರಿಸುವುದು ಹೇಗೆ? ಅಲ್ಲೇ ನಮ್ಮವರು ಸಿಕ್ಕಿಬೀಳುತ್ತಾರೆ.

ನಾನು ದಾವಣಗೆರೆಯಲ್ಲಿ ಹನ್ನೊಂದು ಸಣ್ಣ ಅಂಗಡಿಗಳ ಲೆಕ್ಕ ಬರೆಯುತ್ತೇನೆ. ಮಾರಾಟದ ಲೆಕ್ಕ ಫೋನೇ ಇಟ್ಟುಕೊಳ್ಳುತ್ತದೆ. ಖರೀದಿಯ ಲೆಕ್ಕ ಎಲ್ಲಿದೆ ಅಂದರೆ ಕ್ಯಾಲೆಂಡರ್ ಹಿಂದೆ, ತಕ್ಕಡಿ ಕೆಳಗೆ, ಕೆಲವೊಮ್ಮೆ ಸಿಗರೇಟ್ ಪ್ಯಾಕಿನ ಮೇಲೆ.

ಒಂದು ಅಂಗಡಿಯ ಕಥೆ ಹೇಳುತ್ತೇನೆ. ಮಾರ್ಚ್ 28ಕ್ಕೆ 26 ಕೆಜಿಯ 40 ಚೀಲ ಅಕ್ಕಿ ಉದ್ರಿಯಲ್ಲಿ ಬಂತು. (25 ಕೆಜಿವರೆಗಿನ ಪ್ಯಾಕಿಗೆ ಜಿಎಸ್‌ಟಿ ಇದೆ, ಅದಕ್ಕಿಂತ ಜಾಸ್ತಿ ಇದ್ದರೆ ಇಲ್ಲ. ಹಾಗಾಗಿ ಈ 26ರ ಲೆಕ್ಕ!) ಚೀಲಕ್ಕೆ 1,350ರಂತೆ ಒಟ್ಟು 54,000 ರೂಪಾಯಿ. ಅಂಗಡಿಯ ಅಣ್ಣ 9,000 ನಗದು ಕೊಟ್ಟು, ಡೈರಿಯಲ್ಲಿ 'ಅಕ್ಕಿ 9,000' ಎಂದು ಗೀಚಿದರು. ಬಾಕಿ 45,000ದ ಸುದ್ದಿಯೇ ಇಲ್ಲ. ಲೆಕ್ಕದ ವರ್ಷ ಮುಗಿಯುವ ಮಾರ್ಚ್ 31ರೊಳಗೆ ಹತ್ತು ಚೀಲ ಮಾರಿದ್ದರು, ತಲಾ 1,450. ಬಂದದ್ದು 14,500. ಉಳಿದ 30 ಚೀಲ ದಾಸ್ತಾನಿನ ಲೆಕ್ಕಕ್ಕೆ ಸೇರಿದವು, 40,500.

ಈಗ ಕೂಡಿಸಿ ನೋಡಿ. ಮಾರಾಟ ಮತ್ತು ದಾಸ್ತಾನು ಸೇರಿ 55,000. ಖರೀದಿ ಬರೀ 9,000. ಪುಸ್ತಕದ ಪ್ರಕಾರ ಲಾಭ 46,000! ನಿಜಕ್ಕೂ ಗಿಟ್ಟಿದ್ದು ಸಾವಿರ ರೂಪಾಯಿ. ಅದರಲ್ಲೂ ಹಮಾಲಿ, ಗಾಡಿ ಬಾಡಿಗೆ ಕಳೆಯಬೇಕು.

"ಏಪ್ರಿಲ್‌ನಲ್ಲಿ ಬಾಕಿ ಕೊಟ್ಟಾಗ ಬರೀತೀನಲ್ಲ ಅಕ್ಕಾ, ಸರಿಹೋಗುತ್ತೆ" ಅಂದರು. ಹೋಗೋದಿಲ್ಲ. ಅದು ಮುಂದಿನ ವರ್ಷದ ಪುಸ್ತಕ. ಈ ವರ್ಷದ ಸುಳ್ಳು ಲಾಭ ಈ ವರ್ಷದ ಲೆಕ್ಕದಲ್ಲೇ ಕೂತಿರುತ್ತದೆ.

ನನ್ನ ಅಪ್ಪ ಮಂಡಿಪೇಟೆಯ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಅವರ ಕಿರ್ದಿಯಲ್ಲಿ, ಅಂದರೆ ದಿನದ ಲೆಕ್ಕದ ಪುಸ್ತಕದಲ್ಲಿ, ಈ ಗೊಂದಲವೇ ಇರಲಿಲ್ಲ. ಮಾಲು ಬಂದ ದಿನ ಮಾಲಿಗೆ ಖರ್ಚು, ಮಾಲು ಕೊಟ್ಟ ಸಾಹುಕಾರರ ಹೆಸರಿಗೆ ಜಮಾ, ಅಂದರೆ ಅವರಿಗೆ ಕೊಡಬೇಕಾದ ಬಾಕಿ. ದುಡ್ಡು ಕೊಟ್ಟ ದಿನ ಸಾಹುಕಾರರ ಹೆಸರಿಗೆ ಖರ್ಚು, ಶಿಲ್ಕಿನಲ್ಲಿ, ಅಂದರೆ ಕೈಯಲ್ಲಿ ಉಳಿದ ನಗದಿನಲ್ಲಿ, ಅಷ್ಟು ಕಮ್ಮಿ. ಎರಡು ದಿನ, ಎರಡು ಬರಹ. ಎರಡನೆಯದು ಖರೀದಿಯೇ ಅಲ್ಲ, ಸಾಲ ತೀರಿಸಿದ್ದು. ದಿನದ ಕೊನೆಯ ಅಖೈರು ಶಿಲ್ಕು ಗಲ್ಲಾಪೆಟ್ಟಿಗೆಗೆ ತಾಳೆಯಾಗದೆ ಅಪ್ಪ ಮನೆಗೆ ಬರುತ್ತಿರಲಿಲ್ಲ. ಅಮ್ಮ ಅನ್ನ ಮುಚ್ಚಿಟ್ಟು ಕಾಯುತ್ತಿದ್ದರು.

ಈಗ ಗಲ್ಲಾದಿಂದ ಹಮಾಲಿಗೆ 400, ಮಗಳ ಟ್ಯೂಷನ್‌ಗೆ 1,500, ಹಾಲಿಗೆ ಅಷ್ಟು, ದೇವಸ್ಥಾನಕ್ಕೆ ಇಷ್ಟು. ರಾತ್ರಿ ದುಡ್ಡು ಕಮ್ಮಿ ಬಿದ್ದರೆ 'ಇತರೆ ಖರೀದಿ' ಅಂತ ಬರೆದು ಮುಗಿಸುತ್ತಾರೆ. ಮನೆಗೆ ಒಯ್ದದ್ದು ಮನೆ ಖರ್ಚು, ಅಂಗಡಿಯ ಖರೀದಿ ಅಲ್ಲ. ಇದನ್ನು ಹೇಳಿದರೆ ಮುಖ ಊದಿಸಿಕೊಳ್ಳುವವರೂ ಇದ್ದಾರೆ!

ಇನ್ನೊಂದು ಮಾತು. ಒಬ್ಬರಿಗೇ ಒಂದೇ ದಿನ 10,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ಆದಾಯ ತೆರಿಗೆ ಲೆಕ್ಕದಲ್ಲಿ ಆ ಖರ್ಚನ್ನು ಒಪ್ಪುವುದಿಲ್ಲ. ವಹಿವಾಟಿನಲ್ಲಿ ಇಷ್ಟು ಪಾಲು ಲಾಭ ಎಂದು ಹಿಡಿದು, ಆ ಅಂದಾಜು ಲಾಭದ ಮೇಲೆ ತೆರಿಗೆ ಕಟ್ಟುವವರ ವಿಷಯ ಬೇರೆ. ಉಳಿದವರು ಆ 45,000ವನ್ನು ಬ್ಯಾಂಕ್ ಮೂಲಕವೇ ಕೊಡಲಿ.

2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ಜಿಎಸ್‌ಟಿ ನೋಟಿಸ್ ಬಂದಾಗ ಬೆಂಗಳೂರಿನಲ್ಲಿ ಅಂಗಡಿಯವರು 'ಯುಪಿಐ ಇಲ್ಲ, ಕ್ಯಾಶ್ ಮಾತ್ರ' ಅಂತ ಬೋರ್ಡ್ ಹಾಕಿದರು. ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಜಿಎಸ್‌ಟಿಯವರು ಮೊದಲು ನೋಡುವುದು ವಹಿವಾಟನ್ನು, ಲಾಭವನ್ನಲ್ಲ. ನಾನು ಮಾರಿದ್ದು ತೆರಿಗೆ ಇಲ್ಲದ ಮಾಲು ಅನ್ನುವುದಕ್ಕೂ ಕೈಯಲ್ಲಿ ಖರೀದಿ ಬಿಲ್ ಬೇಕಲ್ವಾ? ಬೋರ್ಡ್ ಹಾಕಿದರೆ ಬಿಲ್ ಹುಟ್ಟುವುದಿಲ್ಲ. ಸಗಟು ವ್ಯಾಪಾರಿಗಳೂ ಕಚ್ಚಾ ಚೀಟಿ ಕೊಟ್ಟು ಕಳಿಸುವುದನ್ನು ಬಿಡಬೇಕು. ಕೇಳಿದರೆ "ಪಕ್ಕಾ ಬಿಲ್ ಬೇಕಂದ್ರೆ ರೇಟು ಬೇರೆ" ಅನ್ನುತ್ತಾರೆ. ಈ ಮಾತು ನನ್ನ ಕಿವಿಯಾರೆ ಕೇಳಿದ್ದೇನೆ.

ನಿಮ್ಮಲ್ಲಿ ಒಂದು ಕೋರಿಕೆ. ವಾಣಿಜ್ಯ ಪುಟದಲ್ಲಿ ಷೇರುಪೇಟೆಗೆ ದಿನವೂ ಜಾಗ ಕೊಡುತ್ತೀರಿ. ಒಂದು ಭಾನುವಾರ ಅದೇ ಜಾಗದಲ್ಲಿ ಖರೀದಿ ಪುಸ್ತಕದ ಒಂದು ಪುಟ, ನಗದು ಪುಸ್ತಕದ ಒಂದು ಪುಟ ಮಾದರಿಯಾಗಿ ಹಾಕಿ, ಅಂಗಡಿಯವರು ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳುವ ಹಾಗೆ. ಬೇಕಿದ್ದರೆ ಮಾದರಿ ನಾನೇ ಬರೆದು ಕಳಿಸುತ್ತೇನೆ, ಈ 40 ಚೀಲ ಅಕ್ಕಿಯದ್ದೇ.

– ಲೆಕ್ಕ ಬರೆಯುವ ಒಬ್ಬ ಓದುಗಿ, ದಾವಣಗೆರೆ